ಕೊನೆಯ ಸೆಕೆಂಡು ಯಾರ ಲೆಕ್ಕಕ್ಕೆ?

(ಮಯಾಮಿಯ ಜ್ಯೂರಿ ಟೆಸ್ಲಾ ಕಂಪನಿಗೆ ದಂಡ ವಿಧಿಸಿದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ಓದುಗರೊಬ್ಬರು ಬರೆದ ಪತ್ರದ ಸಾರ: “ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಸ್ಟಿಯರಿಂಗ್ ಮುಂದೆ ಕೂತ ಮೇಲೆ ಮುಗೀತು, ಆಗುವುದಕ್ಕೆಲ್ಲ ಕೂತವನೇ ಹೊಣೆ. ಕಾರು ತಾನೇ ಓಡುತ್ತದೆ ಅಂತ ಮೈಮರೆತು, ಆಮೇಲೆ ಕಂಪನಿಯ ಮೇಲೆ ಕೇಸು ಹಾಕುವುದು ಯಾವ ನ್ಯಾಯ? ಮೂರರಲ್ಲಿ ಎರಡು ಪಾಲು ತಪ್ಪು ಚಾಲಕನದು ಎಂದು ಜ್ಯೂರಿಯೇ ಹೇಳಿದೆ. ನಿಮ್ಮ ಲೇಖಕರು ಮಾತ್ರ ಕಂಪನಿಯನ್ನೇ ಕಟಕಟೆಗೆ ತಂದಿದ್ದಾರೆ.”)

ಮಾನ್ಯರೇ,

ನಿಮ್ಮ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲಿ ಕೆಲಸಕ್ಕಿಂತ ವಾದವೇ ಜಾಸ್ತಿ ನಡೆಯಿತು. ನಿಮ್ಮ ಪರ ನಿಂತವರೇ ಹೆಚ್ಚು. ನಾನು ಒಂಟಿಯಾದೆ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲು ನಿಮಗೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. 2019ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ಕೀ ಲಾರ್ಗೋದಲ್ಲಿ ಆ ಕಾರಿನ ಚಾಲಕ ಕೆಳಗೆ ಬಿದ್ದ ಮೊಬೈಲಿಗಾಗಿ ಬಗ್ಗಿದ್ದ. ಆಟೊಪೈಲಟ್ (ಚಾಲಕ ನೋಡುತ್ತಿರುವಂತೆ ಸ್ಟಿಯರಿಂಗ್, ವೇಗ, ಬ್ರೇಕನ್ನು ಕಾರೇ ನಿಭಾಯಿಸುವ ಟೆಸ್ಲಾದ ವ್ಯವಸ್ಥೆ) ಹಾಕಿದ್ದರೂ ಅವನ ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ರಸ್ತೆ ಮುಗಿಯುವ ಜಾಗದಲ್ಲಿ ನಿಲ್ಲಿಸದೆ ಕಾರು ನೇರ ನುಗ್ಗಿ, ಬದಿಗೆ ನಿಲ್ಲಿಸಿದ್ದ ವಾಹನಕ್ಕೆ ಗುದ್ದಿತು. ಪಕ್ಕದಲ್ಲಿ ನಿಂತಿದ್ದ 22 ವರ್ಷದ ಯುವತಿ ಸತ್ತಳು. ಚಾಲಕ ತಪ್ಪು ಮಾಡಿದ್ದಾನೆ, ಅದನ್ನು ಅವನೂ ಅಲ್ಲಗಳೆದಿಲ್ಲ. 2025ರ ಆಗಸ್ಟ್‌ನಲ್ಲಿ ಜ್ಯೂರಿ ಅವನ ಪಾಲು ಶೇ. 67 ಎಂದಿತು. ಸಾಲದ್ದಕ್ಕೆ, ಯಂತ್ರಗಳು ಮನುಷ್ಯರಿಗಿಂತ ಕೆಟ್ಟದಾಗಿ ಓಡಿಸುತ್ತವೆ ಎಂದೂ ನಾನು ಹೇಳಲಾರೆ. ವರ್ಷಕ್ಕೆ ಸುಮಾರು 11.9 ಲಕ್ಷ ಜನ ಜಗತ್ತಿನ ರಸ್ತೆಗಳಲ್ಲಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನಮ್ಮ ನಿಮ್ಮಂಥವರು ಓಡಿಸುವ ವಾಹನಗಳಿಂದಲೇ ಸಾಯುವವರು. ಇಷ್ಟು ಒಪ್ಪಿದೆ.

ಈಗ ಉಳಿದ ಶೇ. 33ರ ಮಾತು. ನೀವು ಅದನ್ನು ಚಿಲ್ಲರೆ ಅಂತ ಬಿಟ್ಟಿದ್ದೀರಿ. ಆ ಪಾಲಿಗೆ ಜ್ಯೂರಿ ಕಟ್ಟಿದ ಬೆಲೆ, ದಂಡರೂಪದ 20 ಕೋಟಿ ಡಾಲರೂ ಸೇರಿ, ಸುಮಾರು 24.3 ಕೋಟಿ ಡಾಲರು. ಯಾಕೆ?

ಉತ್ತರಕ್ಕೆ 2016ರ ಮೇ ತಿಂಗಳಿಗೆ ಹೋಗಬೇಕು. ಅದೇ ಫ್ಲಾರಿಡಾದ ವಿಲಿಸ್ಟನ್ ಹತ್ತಿರ ಆಟೊಪೈಲಟ್‌ನಲ್ಲಿದ್ದ ಕಾರೊಂದು ಅಡ್ಡ ದಾಟುತ್ತಿದ್ದ ಟ್ರೈಲರ್ ಲಾರಿಯ ಕೆಳಗೆ ನುಗ್ಗಿ ಚಾಲಕ ಸತ್ತ. ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ (ಎನ್‌ಟಿಎಸ್‌ಬಿ) 2017ರಲ್ಲಿ ಆರು ಕಂಪನಿಗಳಿಗೆ ಒಂದು ಸರಳ ಸಲಹೆ ಕೊಟ್ಟಿತು: ಈ ವ್ಯವಸ್ಥೆಯನ್ನು ಎಂಥ ರಸ್ತೆಗೆ ಅಂತ ಮಾಡಿದ್ದೀರೋ ಅಲ್ಲಿ ಮಾತ್ರ ಚಾಲೂ ಆಗುವ ಹಾಗೆ ಮಾಡಿ. ಅಡ್ಡರಸ್ತೆ, ಸಿಗ್ನಲ್ಲು ಇರುವ ಕಡೆ ಗುಂಡಿ ಒತ್ತಿದರೂ ಅದು ಏಳಬಾರದು. ಐದು ಕಂಪನಿಗಳು ಉತ್ತರ ಬರೆದವು. ಟೆಸ್ಲಾ ಬರೆಯಲಿಲ್ಲ. 2019ರ ಮಾರ್ಚ್‌ನಲ್ಲಿ ಡೆಲ್‌ರೇ ಬೀಚ್‌ನಲ್ಲಿ ಮತ್ತೊಂದು ಟೆಸ್ಲಾ, ಮತ್ತೊಂದು ಅಡ್ಡ ಬಂದ ಲಾರಿ, ಅದೇ ಥರದ ಸಾವು. ಮರುತಿಂಗಳೇ ಕೀ ಲಾರ್ಗೋ. 2020ರ ಫೆಬ್ರವರಿಯಲ್ಲಿ ಮಂಡಳಿಯ ಅಧ್ಯಕ್ಷರು, ಒಂದು ಕಂಪನಿ ಇನ್ನೂ ನಮಗೆ ಉತ್ತರಿಸಿಲ್ಲ ಎಂದು ಬಹಿರಂಗವಾಗಿಯೇ ಬೇಸರ ತೋಡಿಕೊಂಡರು. ನಿಮ್ಮ ಡಿಪೊದಲ್ಲಿ ಬ್ರೇಕಿನ ದೂರು ಬರೆದಿಟ್ಟ ಬಸ್ಸನ್ನೇ ಮತ್ತೆ ರೂಟಿಗೆ ಬಿಟ್ಟು, ಅದು ಹೋಗಿ ಗುದ್ದಿದರೆ, ನೀವು ಡ್ರೈವರನ್ನು ಮಾತ್ರ ಬೈಯುತ್ತಿದ್ದಿರಾ? ನಿಮ್ಮ ಪತ್ರದ ಖಾರ ನೋಡಿದರೆ ಡಿಪೊ ಮ್ಯಾನೇಜರನ್ನು ಸುಮ್ಮನೆ ಬಿಡುವ ಆಸಾಮಿ ನೀವಲ್ಲ ಅನ್ನಿಸುತ್ತದೆ.

ಇನ್ನು ‘ಮೈಮರೆತು’ ಎಂಬ ನಿಮ್ಮ ಆರೋಪ. ನೀವು ಬಸ್ಸು ಓಡಿಸುವಾಗ ಮೈಮರೆಯದಿದ್ದದ್ದು ನಿಮ್ಮ ಶಿಸ್ತಿನಿಂದ, ನಿಜ. ಆದರೆ ಕೈ ಸ್ಟಿಯರಿಂಗ್ ಮೇಲೆ, ಕಾಲು ಕ್ಲಚ್ಚಿನ ಮೇಲೆ, ಕಣ್ಣು ಕನ್ನಡಿಯ ಮೇಲೆ ಇದ್ದದ್ದರಿಂದಲೂ ಹೌದು. ಕೆಲಸವೇ ನಿಮ್ಮನ್ನು ಎಚ್ಚರವಾಗಿಟ್ಟಿತ್ತು. ಅದನ್ನೆಲ್ಲ ಕಿತ್ತುಕೊಂಡು “ಸುಮ್ಮನೆ ನೋಡುತ್ತಾ ಕೂತಿರಿ, ಯಾವಾಗಲೋ ಒಮ್ಮೆ ಏನೋ ಆಗಬಹುದು, ಆ ಕ್ಷಣ ಹಿಡಿದುಕೊಳ್ಳಿ” ಅಂದಿದ್ದರೆ? ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ರೇಡಾರ್ ನೋಡುವ ಸೈನಿಕರ ಸಮಸ್ಯೆಗಾಗಿ ನಡೆಸಿದ ಪ್ರಯೋಗವನ್ನು 1948ರಲ್ಲಿ ಪ್ರಕಟಿಸಿದ. ಗಡಿಯಾರದಂಥ ಒಂದು ಮುಳ್ಳು, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ, ಅದನ್ನು ಗುರುತಿಸಬೇಕು, ಅಷ್ಟೇ. ಅರ್ಧ ಗಂಟೆಯೊಳಗೇ ಜನ ತಪ್ಪಿಸಿಕೊಳ್ಳುವುದು ಹೆಚ್ಚಾಯಿತು. 1983ರಲ್ಲಿ ಲಿಸಾನ್ ಬೈನ್‌ಬ್ರಿಜ್ ಎಂಬಾಕೆ ಕಾರ್ಖಾನೆಗಳ ಯಾಂತ್ರೀಕರಣದ ಬಗ್ಗೆ ಬರೆಯುತ್ತ ಇದನ್ನು ಇನ್ನೂ ಮುಂದಕ್ಕೆ ಒಯ್ದರು: ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಅತಿ ಕಷ್ಟದ್ದನ್ನು ಮನುಷ್ಯನಿಗೆ ಉಳಿಸುತ್ತೇವೆ, ಅದನ್ನು ಮಾಡಲು ಬೇಕಾದ ಅಭ್ಯಾಸವೂ ಅವನಿಗೆ ತಪ್ಪಿಹೋಗಿರುತ್ತದೆ. ಕಾರು ಕಂಪನಿಗಳ ಎಂಜಿನಿಯರುಗಳು ಇದನ್ನು ಓದಿಲ್ಲ ಎಂದು ನಾನು ನಂಬುವುದಿಲ್ಲ.

ಇಂಥ ಕಾರಿನಲ್ಲಿ ಗೆಳೆಯರೊಬ್ಬರ ಪಕ್ಕ ಕೂತು ಹೆದ್ದಾರಿಯಲ್ಲಿ ಹೋದದ್ದುಂಟು. ಜಾಗರೂಕ ಮನುಷ್ಯ, ಇಂಡಿಕೇಟರ್ ಹಾಕದೆ ಲೇನ್ ಬದಲಿಸಿದವರಲ್ಲ. ವ್ಯವಸ್ಥೆ ಹಾಕಿದ ಹೊಸತರಲ್ಲಿ ಎರಡೂ ಕೈ ಸ್ಟಿಯರಿಂಗ್ ಮೇಲೇ ಇದ್ದವು. ಆಮೇಲೆ ಒಂದು ತೊಡೆಯ ಮೇಲೆ ಬಂತು. ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಪೂರ್ತಿ ನನ್ನ ಕಡೆ ತಿರುಗಿ ಮಗಳ ಮದುವೆಯ ವಿಚಾರ ಮಾತಾಡುತ್ತಿದ್ದರು. ಕಾರು ಪೀಂ ಎಂದಾಗೆಲ್ಲ, ತೂಕಡಿಸುವ ಹುಡುಗ ಮೇಷ್ಟ್ರು ನೋಡಿದರೆಂದು ಪುಸ್ತಕದ ಹಾಳೆ ತಿರುವುವಂತೆ, ನೋಡದೆಯೇ ಸ್ಟಿಯರಿಂಗನ್ನು ಒಮ್ಮೆ ಅಲುಗಿಸಿ ಮಾತು ಮುಂದುವರಿಸುತ್ತಿದ್ದರು. ಕಾರಿಗೂ ಅಷ್ಟೇ ಸಾಕಿತ್ತು. ಅಷ್ಟು ಸಾಕು ಎಂದು ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದರಲ್ಲ, ನಾನು ಹುಡುಕುತ್ತಿರುವುದು ಅವರನ್ನು.

ಕಟಕಟೆಗೆ ಅವರು ಯಾವತ್ತೂ ಬರುವುದಿಲ್ಲ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪೆಯಲ್ಲಿ ಊಬರ್ ಪರೀಕ್ಷಿಸುತ್ತಿದ್ದ, ತಾನೇ ಓಡುವ ಕಾರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದಿತು. ಅಪಾಯ ಬಂದರೆ ಹಿಡಿದುಕೊಳ್ಳಲೆಂದು ಸೀಟಿನಲ್ಲಿದ್ದ ಸುರಕ್ಷಾ ಚಾಲಕಿ ಮೊಬೈಲಿನಲ್ಲಿ ಟಿವಿ ಕಾರ್ಯಕ್ರಮ ನೋಡುತ್ತಿದ್ದಳು. ಜಗತ್ತಿಗೆ ನೆನಪಿರುವುದು ಇದೊಂದೇ. ಎನ್‌ಟಿಎಸ್‌ಬಿ ತನಿಖೆಯಲ್ಲಿ ಉಳಿದದ್ದೂ ಇದೆ, ಕೇಳಿ. ಗುದ್ದುವುದಕ್ಕೆ 5.6 ಸೆಕೆಂಡು ಮೊದಲೇ ಕಾರು ಆಕೆಯನ್ನು ಕಂಡಿತ್ತು. ಗಂಟೆಗೆ ಸುಮಾರು 70 ಕಿ.ಮೀ. ವೇಗ, ಅಂದರೆ ನೂರು ಮೀಟರಿಗೂ ಹೆಚ್ಚು ದೂರ. ಆದರೆ ಒಮ್ಮೆ ವಾಹನ ಎಂದುಕೊಂಡಿತು, ಒಮ್ಮೆ ಏನೋ ವಸ್ತು, ಒಮ್ಮೆ ಸೈಕಲ್ಲು. ಪ್ರತಿ ಸಲ ಹೆಸರು ಬದಲಾದಾಗಲೂ ಹಿಂದಿನ ಚಲನೆಯ ಲೆಕ್ಕ ಅಳಿಸಿಹೋಗುತ್ತಿತ್ತು, ಹಾಗಾಗಿ ಆಕೆ ಯಾವ ಕಡೆ ನಡೆಯುತ್ತಿದ್ದಾಳೆ ಎಂಬುದೇ ಅದಕ್ಕೆ ಗೊತ್ತಾಗಲಿಲ್ಲ. ಜೀಬ್ರಾ ಪಟ್ಟಿ ಇಲ್ಲದ ಕಡೆಯೂ ಜನ ರಸ್ತೆ ದಾಟುತ್ತಾರೆ ಎಂಬುದನ್ನು ಆ ತಂತ್ರಾಂಶ ಎಣಿಸಿರಲೇ ಇಲ್ಲ. ಕಾರು ಸುಮ್ಮಸುಮ್ಮನೆ ಬ್ರೇಕ್ ಹಾಕಬಾರದೆಂದು, ಅಪಾಯ ಖಚಿತವಾದ ಮೇಲೂ ಒಂದು ಸೆಕೆಂಡು ಕಾಯುವಂತೆ ಬರೆದಿದ್ದರು. ಆ ಕಾರು ತಯಾರಿಸಿದ ವೋಲ್ವೊ ಕಂಪನಿಯೇ ಕೂರಿಸಿ ಕೊಟ್ಟಿದ್ದ ತುರ್ತು ಬ್ರೇಕಿನ ವ್ಯವಸ್ಥೆ ಆ ಹೊತ್ತಿಗೆ ನಿಷ್ಕ್ರಿಯವಾಗಿತ್ತು. ಮೊದಲು ಕಾರಿಗೆ ಇಬ್ಬರು ಇರುತ್ತಿದ್ದರು. 2017ರಲ್ಲಿ ಒಬ್ಬರನ್ನು ಇಳಿಸಿದರು.

ಇವೆಲ್ಲ ಹಗಲು ಹೊತ್ತಿನಲ್ಲಿ, ಕಚೇರಿಯಲ್ಲಿ, ಸಾವಕಾಶವಾಗಿ ತೆಗೆದುಕೊಂಡ ತೀರ್ಮಾನಗಳು. ಪರಿಣಾಮ? 2019ರ ಮಾರ್ಚ್‌ನಲ್ಲಿ ಸರ್ಕಾರಿ ವಕೀಲರು ಕಂಪನಿಯ ಮೇಲೆ ಕ್ರಿಮಿನಲ್ ಹೊಣೆ ಹೊರಿಸಲು ಆಧಾರವಿಲ್ಲ ಎಂದರು. ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ (ಜೈಲಿನ ಬದಲು ನಿಗಾ) ಪಡೆದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳು ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ಬರೆ ಅವಳೊಬ್ಬಳಿಗೇ ಯಾಕೆ ಅಂತ ಕೇಳುತ್ತಿದ್ದೇನೆ.

ಇನ್ನೊಂದು ಸಂಗತಿ ಓದಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ರಸ್ತೆಯಲ್ಲಿ ನಿಂತಿದ್ದ ಪೊಲೀಸ್ ಮತ್ತು ತುರ್ತು ವಾಹನಗಳಿಗೆ ಟೆಸ್ಲಾಗಳು ಗುದ್ದಿದ ಪ್ರಕರಣಗಳನ್ನು ಅಮೆರಿಕದ ಹೆದ್ದಾರಿ ಸುರಕ್ಷಾ ಸಂಸ್ಥೆ ಪರಿಶೀಲಿಸಿತು. ಸರಾಸರಿ ನೋಡಿದರೆ, ಗುದ್ದುವುದಕ್ಕೆ ಒಂದು ಸೆಕೆಂಡಿಗಿಂತ ಕಡಿಮೆ ಸಮಯ ಇರುವಾಗ ಆಟೊಪೈಲಟ್ ನಿಯಂತ್ರಣ ಬಿಟ್ಟುಕೊಟ್ಟಿತ್ತು ಎಂದು 2022ರಲ್ಲಿ ಹೇಳಿತು. ಬೇಕೆಂದೇ ಹಾಗೆ ಮಾಡಿದ್ದಾರೆ ಅನ್ನುವಷ್ಟು ಅನುಮಾನ ನನಗಿಲ್ಲ. ಆದರೆ ನಿಮ್ಮ ಸೂತ್ರ ಹಿಡಿದರೆ ಆ ಕ್ಷಣ ಗಾಡಿ ಯಾರ ಕೈಯಲ್ಲಿತ್ತು? ಮನುಷ್ಯನ ಕೈಯಲ್ಲಿ. ತಲೆ ಎತ್ತಿ ನೋಡುವುದಕ್ಕೂ ಸಾಲದ ಸಮಯಕ್ಕೆ ಅವನು ಚಾಲಕನಾದ, ಆಮೇಲೆ ಜೀವಮಾನವಿಡೀ ಅಪರಾಧಿ. ಮರ್ಸಿಡಿಸ್ ಕಂಪನಿ 2022ರಲ್ಲಿ ಜರ್ಮನಿಯಲ್ಲಿ ಕಾರು ತಾನೇ ಓಡುವ ತನ್ನ ಡ್ರೈವ್ ಪೈಲಟ್ ವ್ಯವಸ್ಥೆ ತಂದಾಗ, ಹೆದ್ದಾರಿಯ ದಟ್ಟಣೆಯಲ್ಲಿ ಅದು ಗಂಟೆಗೆ 60 ಕಿ.ಮೀ. ಮೀರುವಂತಿರಲಿಲ್ಲ, ಕೈಗೆ ಕೊಡುವ ಮೊದಲು ಹತ್ತು ಸೆಕೆಂಡು ಕೊಡುತ್ತಿತ್ತು, ವ್ಯವಸ್ಥೆ ಓಡಿಸುತ್ತಿರುವಾಗ ಅದರಿಂದಾದ ಅಪಘಾತದ ಹೊಣೆ ನಮ್ಮದು ಎಂದೂ ಹೇಳಿತ್ತು. ಬ್ರಿಟನ್ ತನ್ನ 2024ರ ಕಾಯಿದೆಯಲ್ಲಿ, ಕಾರು ತಾನೇ ಓಡುತ್ತಿರುವಾಗ ಆದ ಚಾಲನಾ ಅಪರಾಧಕ್ಕೆ ಸೀಟಿನಲ್ಲಿ ಕೂತವರನ್ನು ಹಿಡಿಯುವಂತಿಲ್ಲ ಎಂದಿದೆ. 2018ರ ಕಾಯಿದೆಯ ಪ್ರಕಾರ ವಿಮೆಯವರು ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ತಯಾರಕರಿಂದ ವಸೂಲಿ ಮಾಡಿಕೊಳ್ಳಬಹುದು. ಗಾಯಾಳು ಕೋರ್ಟಿನ ಮೆಟ್ಟಿಲು ಸವೆಸಬೇಕಿಲ್ಲ. ಎಲ್ಲವೂ ಇನ್ನೂ ಪೂರ್ತಿ ಜಾರಿಯಾಗಿಲ್ಲ, ಅದು ಬೇರೆ.

ಕಂಪನಿಗಳು ಕೈತೊಳೆದುಕೊಳ್ಳುವುದು ಹೊಸದೇನಲ್ಲ. ಮರದ ಅರಗಳು ಮುರಿದು ಚಕ್ರ ಕುಸಿದಾಗ ಬ್ಯೂಕ್ ಕಂಪನಿ, ಚಕ್ರ ಮಾಡಿದ್ದು ಬೇರೆಯವರು, ಕಾರು ಮಾರಿದ್ದು ಡೀಲರಿಗೆ, ಗಾಯಗೊಂಡವನಿಗೂ ನಮಗೂ ಏನು ಸಂಬಂಧ ಎಂದು ವಾದಿಸಿತ್ತು. 1916ರಲ್ಲಿ ನ್ಯೂಯಾರ್ಕಿನ ನ್ಯಾಯಮೂರ್ತಿ ಕಾರ್ಡೋಜೊ ಆ ವಾದವನ್ನು ತಳ್ಳಿಹಾಕಿದರು. ನೂರು ವರ್ಷ ದಾಟಿದೆ, ಈಗ ಅದೇ ವಾದ ತಂತ್ರಾಂಶದ ಅಂಗಿ ತೊಟ್ಟು ಬಂದಿದೆ: “ಗಮನವಿಡಿ ಎಂದು ಪರದೆಯ ಮೇಲೆ ಬರೆದಿದ್ದೆವಲ್ಲ, ‘ಒಪ್ಪಿದ್ದೇನೆ’ ಒತ್ತಿದ್ದೀರಲ್ಲ.”

ಕಾರು ಬಿಟ್ಟು ಎಲ್ಲಿಗೋ ಹೋಗುತ್ತಿದ್ದೇನೆ ಅನ್ನಿಸಬಹುದು. ಹೋಗುತ್ತಿದ್ದೇನೆ. ಬ್ರಿಟನ್ನಿನ ಅಂಚೆ ಇಲಾಖೆ ಹೊರೈಜನ್ ಎಂಬ ಲೆಕ್ಕದ ತಂತ್ರಾಂಶ ತಂದಿತು. ಲೆಕ್ಕದಲ್ಲಿ ಹಣ ಕಡಿಮೆ ಬಂತು. ತಂತ್ರಾಂಶ ತಪ್ಪಿರಬಹುದು ಎಂದು ಗೋಗರೆದ ಉಪ ಅಂಚೆ ಮಾಸ್ತರರ ಮಾತು ಯಾರೂ ಕೇಳಲಿಲ್ಲ, ಯಾಕೆಂದರೆ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದು ಭಾವಿಸಿಕೊಂಡೇ ಅಲ್ಲಿನ ಕೋರ್ಟುಗಳು ಶುರುಮಾಡುತ್ತಿದ್ದವು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಕೆಲವರು ಜೈಲಿಗೆ ಹೋದರು. ತಪ್ಪು ತಂತ್ರಾಂಶದಲ್ಲೇ ಇತ್ತು ಎಂದು ಹೈಕೋರ್ಟು ಹೇಳಿದ್ದು 2019ರ ಡಿಸೆಂಬರಿನಲ್ಲಿ. ಯಂತ್ರಕ್ಕೆ ಸಂಶಯದ ಲಾಭ, ಮನುಷ್ಯನಿಗೆ ಕೈಕೋಳ. ಯಾವ ತನಿಖಾ ವರದಿ ತೆಗೆದರೂ ಕೊನೆಗೆ ‘ಮಾನವ ದೋಷ’ ಎಂಬ ಎರಡು ಪದ ಕಾದು ಕೂತಿರುತ್ತವೆ, ಆ ಮಾನವ ಯಾವಾಗಲೂ ಕೆಳಗಿನ ಮೆಟ್ಟಿಲಿನವನೇ ಆಗಿರುತ್ತಾನೆ. ವಿನ್ಯಾಸ ಮಾಡಿದವರು, ಸಹಿ ಹಾಕಿದವರು, ಖರ್ಚು ಉಳಿಸಿದವರು ಮಾನವರೇ ಅಲ್ಲವೆ? ನೀವೂ ಸೇವೆಯಲ್ಲಿದ್ದಾಗ ಇಂಥ ವರದಿಗಳನ್ನು ನೋಡಿರುತ್ತೀರಿ. ನಿಮ್ಮಂಥವರೇ ಅವುಗಳ ಪರ ವಾದಿಸಿದರೆ ನಾನು ಯಾರ ಹತ್ತಿರ ಹೇಳಿಕೊಳ್ಳಲಿ?

ಪತ್ರದ ಕೊನೆಗೆ ತಾ.ಕ. ಎಂದು, ಮಗ ಇಂಥದ್ದೇ ಕಾರು ಬುಕ್ ಮಾಡುತ್ತಿದ್ದಾನೆ, ಏನೇನು ನೋಡಬೇಕು ಎಂದು ಕೇಳಿದ್ದೀರಿ. ಕೈಪಿಡಿಯಲ್ಲಿ ಈ ವ್ಯವಸ್ಥೆಯನ್ನು ಎಲ್ಲೆಲ್ಲಿ ಬಳಸಬಾರದು ಎಂಬ ಪುಟ ಇರುತ್ತದೆ, ಹಣ ಕಟ್ಟುವ ಮೊದಲು ಅದನ್ನು ಅವನಿಂದ ಓದಿಸಿ. ಅಂಥ ರಸ್ತೆಯಲ್ಲಿ ಅದು ತಾನಾಗಿ ಆಫ್ ಆಗುತ್ತದೋ, ಆಗುವುದಿಲ್ಲವೋ, ಟೆಸ್ಟ್ ಡ್ರೈವ್‌ನಲ್ಲಿ ಪಕ್ಕ ಕೂತು ನೀವೇ ಕೇಳಿ ತಿಳಿದುಕೊಳ್ಳಿ. ಆ ಕೆಲಸಕ್ಕೆ ನಿಮಗಿಂತ ಯೋಗ್ಯರು ಸಿಗಲಾರರು. ಅಪಘಾತವಾದರೆ ಕಾರಿನೊಳಗಿನ ದಾಖಲೆ ಯಾರ ಕೈಗೆ ಸಿಗುತ್ತದೆ ಎಂಬುದನ್ನೂ ಕೇಳಿ. ಬಾಯಿಮಾತು ಬೇಡ, ಬರಹದಲ್ಲಿ ಕೊಡಿ ಅನ್ನಿ. ಕೊಟ್ಟರೆ ನಮಗೊಂದು ಪ್ರತಿ ಕಳಿಸಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ