ಕ್ರಿಯಾ ಸಂಶೋಧನೆಯಿಂದ ಪಾಠಕ್ಕೆ ನಿಜವಾಗಲೂ ಉಪಯೋಗ ಇದೆಯಾ, ಅಥವಾ ಅದು ಬಿ.ಇಡಿ. ಫೈಲಿಗೆ ಮಾತ್ರವಾ?

ಉಪಯೋಗ ಇದೆ. ಕ್ರಿಯಾ ಸಂಶೋಧನೆ ಅಂದರೆ ಶಿಕ್ಷಕರು ತಮ್ಮ ತರಗತಿಯ ಒಂದು ತೊಂದರೆಯನ್ನು ತಾವೇ ಪರೀಕ್ಷಿಸಿ, ಕಲಿಸುವ ರೀತಿ ಬದಲಿಸಿ, ಫಲ ನೋಡುವುದು. ಆದರೆ ಅದಕ್ಕೆ ಹಿಡಿಯುವ ಪ್ರಶ್ನೆ ಚಿಕ್ಕದಾಗಿರಬೇಕು.

ನಾನು ನಾಲ್ಕನೇ ತರಗತಿಗೆ ಗಣಿತ ಕಲಿಸುತ್ತೇನೆ. ನನ್ನ ಮೊದಲ ಕ್ರಿಯಾ ಸಂಶೋಧನೆಯ ವಿಷಯ ‘ಮಕ್ಕಳು ಗಣಿತದಲ್ಲಿ ಹಿಂದುಳಿಯಲು ಕಾರಣಗಳು’. ಬಡತನ, ಗೈರುಹಾಜರಿ, ಮನೆಯಲ್ಲಿ ಓದಿಸುವವರಿಲ್ಲ ಅಂತೆಲ್ಲ ಬರೆದೆ. ಎಲ್ಲ ನಿಜವೇ. ಆದರೆ ಮರುದಿನ ಬೋರ್ಡಿನ ಮುಂದೆ ನಾನೇನು ಬದಲಿಸಬೇಕು ಅನ್ನುವುದು ಅದರಲ್ಲಿ ಎಲ್ಲೂ ಇರಲಿಲ್ಲ.

ಮುಂದಿನ ವರ್ಷ ಒಂದೇ ಒಂದು ತಪ್ಪನ್ನು ಹಿಡಿದುಕೊಂಡೆ. ದಶಕ ಸಹಿತ ವ್ಯವಕಲನದಲ್ಲಿ, ಅಂದರೆ ಹತ್ತರ ಸ್ಥಾನದಿಂದ ಸಾಲ ತೆಗೆದು ಕಳೆಯುವ ಲೆಕ್ಕದಲ್ಲಿ, 52ರಿಂದ 38 ಕಳೆಯಿರಿ ಅಂದರೆ ತುಂಬ ಮಕ್ಕಳು 26 ಬರೆಯುತ್ತಿದ್ದರು. ಗಮನ ಕೊಡುತ್ತಿಲ್ಲ ಅಂದುಕೊಂಡು ಸುಮ್ನೆ ಇನ್ನಷ್ಟು ಲೆಕ್ಕ ಕೊಡುತ್ತಿದ್ದೆ. ಈ ಸಲ ಮೊದಲು ಹತ್ತು ಲೆಕ್ಕ ಕೊಟ್ಟು, ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ‘ಹೇಗೆ ಮಾಡಿದೆ, ಹೇಳು’ ಅಂದೆ. ಒಬ್ಬಳು ಹೇಳಿದಳು: ‘ಎರಡರಲ್ಲಿ ಎಂಟು ಹೋಗಲ್ಲ ಮಿಸ್. ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಅಂತ ನೀವೇ ಹೇಳಿದ್ರಲ್ವಾ? ಅದಕ್ಕೆ ಎಂಟರಲ್ಲಿ ಎರಡು ಕಳೆದೆ.’

ಹೌದು, ಆ ಮಾತು ನನ್ನದೇ. ಆ ಮಗು ಅದನ್ನು ಸರಿಯಾಗಿ ಪಾಲಿಸಿತ್ತು.

ಅಂದಿನಿಂದ ಹಾಗೆ ಹೇಳುವುದನ್ನು ಬಿಟ್ಟೆ. ಕಡ್ಡಿಗಳನ್ನು ಹತ್ತತ್ತರಂತೆ ಕಟ್ಟು ಮಾಡಿ ಕೊಟ್ಟೆ. 52 ಅಂದರೆ ಐದು ಕಟ್ಟು, ಎರಡು ಬಿಡಿ. ಎಂಟು ಬಿಡಿ ತೆಗೆಯಬೇಕಾದಾಗ ಮಕ್ಕಳೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದರು, 12 ಬಿಡಿ ಆಯಿತು. ಮೊದಲು ಕಡ್ಡಿ, ಆಮೇಲೆ ಚಿತ್ರ, ಕೊನೆಗೆ ಅಂಕಿ. ಎರಡು ವಾರದ ನಂತರ ಅದೇ ಥರದ ಹತ್ತು ಲೆಕ್ಕ, ಬೇರೆ ಸಂಖ್ಯೆಗಳಲ್ಲಿ. ಹೆಚ್ಚಿನವರ ತಪ್ಪು ಹೋಗಿತ್ತು. ಪಾಠದ ಬಿಸಿಯಲ್ಲೇ ಸರಿ ಬರೆದಿರಬಹುದು ಅಲ್ವಾ? ಅದಕ್ಕೆ ಒಂದು ತಿಂಗಳು ಬಿಟ್ಟು ಮತ್ತೊಮ್ಮೆ ಕೊಟ್ಟು ನೋಡಿದೆ. ನೀವೂ ಇದನ್ನು ತಪ್ಪದೆ ಮಾಡಿ.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1946ರಲ್ಲಿ ಬರೆದ ಲೇಖನದಿಂದ ಈ ವಿಧಾನಕ್ಕೆ ಹೆಸರು ಬಂತು. ಶಿಕ್ಷಕರು ತಮ್ಮ ಕೆಲಸವನ್ನು ತಾವೇ ಪರೀಕ್ಷಿಸಿ ನೋಡಬೇಕು ಎಂದು 1953ರಲ್ಲಿ ಪುಸ್ತಕವನ್ನೇ ಬರೆದವರು ಅಮೆರಿಕದ ಶಿಕ್ಷಣತಜ್ಞ ಸ್ಟೀಫನ್ ಕೋರಿ. ಬಿ.ಇಡಿ.ಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ‘ತಾವೇ’ ಯಾಕೆ ಅಂತ ಅರ್ಥವಾಗಿದ್ದು ಈ ಲೆಕ್ಕದಿಂದ. ಹೊರಗಿನವರು ಬಂದು ಪೇಪರ್ ನೋಡಿದ್ದರೆ 26 ತಪ್ಪು ಅಂತಷ್ಟೇ ಗೊತ್ತಾಗುತ್ತಿತ್ತು. ‘ದೊಡ್ಡದರಲ್ಲಿ ಚಿಕ್ಕದು’ ಅಂದವಳು ನಾನು ಅನ್ನುವುದು ನನಗೆ ಮಾತ್ರ ಗೊತ್ತಿತ್ತು.

ತಿಂಗಳು ಬಿಟ್ಟು ಕೊಟ್ಟಾಗಲೂ ಮೂವರಿಗೆ ಮಾತ್ರ ಬರಲಿಲ್ಲ. ‘52ರಲ್ಲಿರುವ 5 ಅಂದರೆ ಎಷ್ಟು?’ ಅಂತ ಕೇಳಿದೆ. ಮೂವರೂ ‘ಐದು’ ಅಂದರು. ಈಗ ಅಲ್ಲಿಂದ ಶುರು ಮಾಡಿದ್ದೇನೆ.