ಪ್ರತಿಕ್ರಿಯೆ: ಹಳೆಯ ಡಸ್ಟರ್ ಎಡಬ್ಲ್ಯುಡಿ ತಿರುವಿನಲ್ಲಿ ಜಗ್ಗುತ್ತಿದೆ, ಕೊಳ್ಳಬಹುದಾ?

ಎಡಬ್ಲ್ಯುಡಿ ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗಬಲ್ಲ ಗಾಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಗಾಡಿ ಜಗ್ಗಿತು ಅಂದಿರಲ್ಲ, ಬಹುಶಃ ಯಾವ ಚಕ್ರಗಳಿಗೆ ಬಲ ಹೋಗಬೇಕು ಅಂತ ಆರಿಸುವ ನಾಬ್ (2ಡಬ್ಲ್ಯುಡಿ, ಆಟೋ, ಲಾಕ್) ಲಾಕ್‌ನಲ್ಲಿತ್ತು. ಇಲ್ಲಾ ನಾಲ್ಕು ಟೈರ್ ಒಂದೇ ಸಮ ಸವೆದಿಲ್ಲ. ಲಾಕ್‌ನಲ್ಲಿ ಹಿಂದಿನ, ಮುಂದಿನ ಚಕ್ರಗಳು, ಬೇರೆ ಬೇರೆ ದೂರ ಓಡಬೇಕಾದ ತಿರುವಿನಲ್ಲೂ, ಒಂದೇ ವೇಗದಲ್ಲಿ ತಿರುಗಲು ನೋಡುತ್ತವೆ. ಒಣ ಡಾಂಬರಿನ ಮೇಲೆ ಜಾರಲು ಆಗದೆ ಜಗ್ಗುತ್ತವೆ. ಗೇರ್‌ಬಾಕ್ಸ್ ಹೋಯ್ತು ಅಂತ ಈಗಲೇ ಹೆದರಬೇಡಿ.

ಮೊದಲು ನಾಬನ್ನು 2ಡಬ್ಲ್ಯುಡಿಗೆ (ಮುಂದಿನ ಎರಡು ಚಕ್ರಕ್ಕಷ್ಟೇ ಬಲ) ತಿರುಗಿಸಿ, ಅದೇ ತಿರುವು ಹಾಕಿ. ಸರಿ ಹೋದರೆ ಆಟೋಗೆ (ಬೇಕಾದಾಗ ಹಿಂದಿನ ಚಕ್ರಕ್ಕೂ ಬಲ) ತಂದು ಮತ್ತೊಮ್ಮೆ ನೋಡಿ. ಆಟೋದಲ್ಲಿ ಜಗ್ಗಿದರೆ ಟೈರ್‌ಗಳ ಅಳತೆ, ಬ್ರ್ಯಾಂಡ್, ಸವೆತ ಹೋಲಿಸಿ. ನನ್ನ ಗಾಡಿಯ ಹಿಂದಿನ ಮಾಲೀಕರು ಎರಡೇ ಹೊಸ ಟೈರ್ ಹಾಕಿಸಿದ್ದರು, ನಾಲ್ಕೂ ಬದಲಿಸಿದ ಮೇಲೆ ಜಗ್ಗುವುದು ನಿಂತಿತು. 2ಡಬ್ಲ್ಯುಡಿಯಲ್ಲೂ ಕಟಕಟ ಸದ್ದು ಬಂದರೆ ಮುಂದಿನ ಆಕ್ಸಲ್ ಜಾಯಿಂಟ್ ಇರಬಹುದು, ಕೇಳದೆ ಖಚಿತ ಹೇಳಲಾರೆ. ಗ್ಯಾರೇಜಿನಲ್ಲಿ ಎತ್ತಿಸಿ ಆ ಜಾಯಿಂಟ್ ಮುಚ್ಚುವ ರಬ್ಬರ್ ಬೂಟ್ ಹರಿದಿದೆಯಾ ನೋಡಿ. ಸಂಡೂರಿನ ಅದಿರು ರಸ್ತೆಯಲ್ಲಿ ಓಡಿದ ಗಾಡಿಯಾದರೆ ಕೆಂಪು ಧೂಳು ಅಲ್ಲೇ ಸೇರಿರುತ್ತದೆ. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ಆ ಖರ್ಚೂ ನಿಮ್ಮದೇ.

ದಿನಾ ಬಳ್ಳಾರಿ–ಹೊಸಪೇಟೆ ಓಡಾಟಕ್ಕೆ 2ಡಬ್ಲ್ಯುಡಿ ಸಾಕು. ಮಜಾ ಬೇಕಾದರೆ 110 ಪಿಎಸ್ ಡೀಸೆಲ್ ಎಂಜಿನ್, 6 ಗೇರ್ ಇದೆ. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುವುದರಿಂದ ಕೆಟ್ಟ ರಸ್ತೆಯಲ್ಲೂ ಹಿಡಿತ ಚೆನ್ನಾಗಿರುತ್ತದೆ. ಆದರೆ ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿಸಬೇಡಿ. ಟೈರಿಗೆ ಎರೆ ಮಣ್ಣು ಮೆತ್ತಿತು ಅಂದ್ರೆ ನಾಲ್ಕೂ ಚಕ್ರ ಸೇರಿ ಜಾರುತ್ತವೆ, ಅಷ್ಟೇ!

ತಪ್ಪು ಟೈರಿನದೇ ಆದರೆ, ನಾಲ್ಕು ಟೈರಿನ ದುಡ್ಡು ಬೆಲೆಯಲ್ಲಿ ಇಳಿಸಿ ಕೇಳಿ.