ಮಾಡು ತಗ್ಗಿಗಿದ್ದರೆ ಸಾಕಿತ್ತು

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಊರು ಹೇಗಿರಬೇಕು ಅಂತ ನೀವು ನಡೆಸಿದ ಮಾತುಕತೆಯ ವರದಿಯನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಮಾತಾಡಿದವರೆಲ್ಲ ಪ್ರತಿ ಸಲ ಮಾತಾಡುವವರೇ. ನಮ್ಮಮ್ಮ ಬಸ್‌ಸ್ಟಾಪಿನಲ್ಲಿ ಹೂವು ಮಾರುತ್ತಾರೆ. ತಂಗುದಾಣ ಹೊಸದು, ಆದರೂ ಮಳೆಗಾಲ ಪೂರ್ತಿ ನೆನೆಯುತ್ತಾರೆ. ನಿಮ್ಮ ವಿನ್ಯಾಸ, ಸಮುದಾಯ, ಸಂಸ್ಕೃತಿಯ ಮಾತಿನಿಂದ ಅವರಿಗೆ ಏನು ಸಿಕ್ಕಿತು? ಈ ಊರಿಗೆ ಮಾತು ಬೇಡ, ಕೆಲಸ ಬೇಕು.’

ಸಂಪಾದಕರ ಉತ್ತರ:

ನಿಮ್ಮ ಪತ್ರ ಬಂದ ಕೂಡಲೇ ಉತ್ತರ ಬರೆಯಲಿಲ್ಲ. ಮೊದಲು ಆ ಬಸ್‌ಸ್ಟಾಪಿಗೆ ಹೋಗಿ ಬಂದೆ. ಎರಡು ಸಲ ಹೋದೆ. ಒಮ್ಮೆ ಬಿಸಿಲಿತ್ತು, ಇನ್ನೊಮ್ಮೆ ಪುನರ್ವಸು ಮಳೆ ಹಿಡಿದಿತ್ತು.

ಬಿಸಿಲಲ್ಲಿ ತಂಗುದಾಣ ಚೆನ್ನಾಗಿಯೇ ಕಾಣುತ್ತದೆ. ಸ್ಟೀಲಿನ ಕಂಬ, ಸ್ಟೀಲಿನ ಬೆಂಚು, ಹಿಂದೆ ಗಾಜು. ಮಾಡು ಎತ್ತರದಲ್ಲಿದೆ. ರಸ್ತೆಯ ಕಡೆಗೆ ಇನ್ನೂ ಮೇಲೆದ್ದಿದೆ. ಮಳೆಯಲ್ಲಿ ಹೋದಾಗ ಬೆಂಚಿನ ಮೇಲೆ ಒಬ್ಬರೂ ಇರಲಿಲ್ಲ. ಗಾಳಿಗೆ ಎರಚಲು ನೇರ ಬೆಂಚಿಗೇ ಬಂದು ಬೀಳುತ್ತಿತ್ತು. ಕಾಲೇಜಿನ ಹುಡುಗಿಯರು ಹಿಂದಿನ ಗಾಜಿಗೆ ಒತ್ತಿಕೊಂಡು, ಮಾಡಿನ ಕೆಳಗೇ ಕೊಡೆ ಬಿಚ್ಚಿ ನಿಂತಿದ್ದರು. ನಿಮ್ಮ ತಾಯಿ ನೀಲಿ ತಾಡಪಾಲಿನ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದನ್ನು ಪಕ್ಕದ ಮರಕ್ಕೂ ಕಟ್ಟಿದ್ದರು. ಆಗಾಗ ಎದ್ದು, ಅದರ ಹೊಟ್ಟೆಯಲ್ಲಿ ತುಂಬಿದ ನೀರನ್ನು ಕೋಲಿನಿಂದ ಎತ್ತಿ ಚೆಲ್ಲುತ್ತಿದ್ದರು. ಒಂದು ಮಾರು ಸೇವಂತಿಗೆ ಕೊಂಡು ಮಾತಾಡಿಸಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ಮುಂಚೆ ಹಂಚಿಂದು ಇತ್ತು ಸಾರ್. ಹಳೇದು, ಅಲ್ಲಲ್ಲಿ ಸೋರ್ತಿತ್ತು. ಆದ್ರೆ ಮಾಡು ತಗ್ಗಿಗಿತ್ತು, ಎರಚಲು ಒಳಗೆ ಬರ್ತಿರ್ಲಿಲ್ಲ. ಇದನ್ನ ಎರಡು ಮೊಳ ತಗ್ಗಿಸಿ, ಒಂದು ಮೊಳ ಮುಂದಕ್ಕೆ ಬಿಟ್ಟಿದ್ರೆ ಸಾಕಿತ್ತು.’

ನಮ್ಮ ಎರಡು ಗಂಟೆಯ ಮಾತುಕತೆಯಲ್ಲಿ ಇಷ್ಟು ಖಚಿತವಾದ ಮಾತು ಒಂದೂ ಬರಲಿಲ್ಲ. ಅದು ನಿಜ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಾವು ಸಭೆ ಇಟ್ಟಿದ್ದು ಕೆಲಸದ ದಿನ, ಬೆಳಿಗ್ಗೆ 11ಕ್ಕೆ, ಒಂದು ಸಭಾಂಗಣದಲ್ಲಿ. ಆ ಹೊತ್ತಿಗೆ ನಿಮ್ಮ ತಾಯಿ ಬುಟ್ಟಿ ಬಿಟ್ಟು ಬರುವುದು ಹೇಗೆ? ಕರೆದಿದ್ದೆವು ಅಂತ ಹೇಳಿಕೊಳ್ಳುವ ಹಾಗೂ ಇಲ್ಲ, ನಾವು ಕರೆದೇ ಇರಲಿಲ್ಲ. ಇದು ನಮ್ಮ ತಪ್ಪು.

ಆದರೆ ‘ಮಾತು ಬೇಡ, ಕೆಲಸ ಬೇಕು’ ಅನ್ನುವುದನ್ನು ಒಪ್ಪಲಾರೆ. ಆ ತಂಗುದಾಣ ಮಾತಿಲ್ಲದೆ ಆದ ಕೆಲಸವೇ ಅಲ್ವಾ? ದುಡ್ಡು ಬಂತು, ನಕ್ಷೆ ಬಂತು, ಕೆಲಸ ಮುಗಿಯಿತು. ಬಯಲುಸೀಮೆಯ ಊರಿನಲ್ಲಿ ಅದೇ ನಕ್ಷೆ ಚೆನ್ನಾಗಿ ನಡೆಯುತ್ತಿತ್ತೇನೋ. ಶಿವಮೊಗ್ಗಕ್ಕೆ ಆಗುಂಬೆಯ ಮಳೆ ಬರುವುದಿಲ್ಲ, ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ. ಆದರೂ ನಮ್ಮಲ್ಲಿ ಮಳೆ ಗಾಳಿಯ ಜೊತೆಗೆ ಬರುತ್ತದೆ, ಓರೆಯಾಗಿ ಬರುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆಯ ಹಳೇ ಮನೆಗಳಿಗೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಸೂರು ಅಷ್ಟು ಕೆಳಗೆ ಇಳಿದಿರುತ್ತದೆ. ಸಾಲದ್ದಕ್ಕೆ ಮಳೆ ಶುರುವಾಗುವ ಮುಂಚೆ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಾರೆ. ನಿಮ್ಮ ತಾಯಿ ಹೇಳಿದ ಎರಡು ಮೊಳದ ಲೆಕ್ಕ ಬಂದಿದ್ದು ಅಲ್ಲಿಂದ. ನಕ್ಷೆ ಇನ್ನೂ ಕಾಗದದಲ್ಲಿ ಇದ್ದಾಗ ಯಾರಾದರೂ ಹತ್ತು ನಿಮಿಷ ಅವರ ಹತ್ತಿರ ಕೂತಿದ್ದರೆ ಆ ಲೆಕ್ಕ ನಕ್ಷೆಗೆ ಸೇರುತ್ತಿತ್ತು. ನಾನು ಮಾತುಕತೆ ಅನ್ನುವುದು ಇದಕ್ಕೆ. ಕಂಬ ನೆಟ್ಟ ಮೇಲೆ ಆಡುವ ಮಾತು ಬರೀ ದೂರು ಆಗುತ್ತದೆ.

‘ವಿನ್ಯಾಸ ಅನ್ನೋದೆಲ್ಲ ಓದಿದವರ ಮಾತು, ನಮ್ಮಜ್ಜಿಗೆ ಆ ಪದವೇ ಗೊತ್ತಿಲ್ಲ’ ಅಂತಲೂ ಬರೆದಿದ್ದೀರಿ. ನಿಮ್ಮ ಅಜ್ಜಿಯ ಊರು ಸಾಗರದ ಕಡೆ ಅಂದಿದ್ದೀರಿ. ಹಾಗಾದರೆ ಭೂಮಿ ಹುಣ್ಣಿಮೆಯ ಬುಟ್ಟಿಯನ್ನು ನೋಡಿಯೇ ಇರುತ್ತೀರಿ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಹಬ್ಬಕ್ಕೆ ಮುಂಚೆ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಆಮೇಲೆ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ನೆನೆಸಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಹಿಂದೊಮ್ಮೆ ಅಂಥದೊಂದು ಮನೆಯ ಜಗಲಿಯಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಸೊಸೆ ಗೆರೆ ಎಳೆಯುತ್ತಿದ್ದಳು. ಅತ್ತೆ ಪಕ್ಕದಲ್ಲಿ ಕೂತು ‘ಅಲ್ಲಿ ಒತ್ತಾಗಾತು, ಜಾಗ ಬಿಡು’ ಅಂದರು. ಪಕ್ಕದ ಮನೆಯವರು ಬಂದು ಭತ್ತದ ಸಸಿಯ ಸಾಲು ಮೇಲಿರಲಿ ಅಂದರು. ಸ್ವಲ್ಪ ಹೊತ್ತು ಮಾತು ಜೋರಾಯಿತು. ಸೊಸೆ ಒದ್ದೆ ಬಟ್ಟೆಯಿಂದ ಒಂದು ಸಾಲು ಒರೆಸಿ, ಮತ್ತೆ ಬರೆದಳು. ಹುಣ್ಣಿಮೆಯ ದಿನ ಆ ಬುಟ್ಟಿ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗುತ್ತದೆ. ವಿನ್ಯಾಸ, ಸಮುದಾಯ, ಸಂಸ್ಕೃತಿ ಅಂತ ನಾವು ವರದಿಯಲ್ಲಿ ಮೂರು ಪದ ಬರೆದೆವು. ಆ ಜಗಲಿಯ ಮೇಲೆ ಮೂರೂ ಒಂದೇ ಕೆಲಸವಾಗಿತ್ತು. ಒರೆಸಿ ಬರೆಯಲು ಅಲ್ಲಿ ಇನ್ನೂ ಸಮಯ ಇತ್ತು ಅನ್ನುವುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಹೆಗ್ಗೋಡಿನಂಥ ಹಳ್ಳಿಯಲ್ಲಿ ಇದೆಲ್ಲ ಸರಿ, ಪೇಟೆಯಲ್ಲಿ ಯಾರಿಗೆ ಪುರುಸೊತ್ತು ಅಂತ ಕೇಳಿದ್ದೀರಿ. ಅಲ್ಲಿಯ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಶುರುವಾದಾಗ ಹೆಗ್ಗೋಡಿನವರೂ ಅಡಿಕೆ, ಗದ್ದೆ ಅಂತ ದುಡಿಯುತ್ತಿದ್ದವರೇ. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಹೊರಗಿನವರು ಆ ಊರಿನ ಹೆಸರು ಕೇಳಿದರು. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ನನಗೆ ಹಿಡಿಸಿದ್ದು ಒಂದು ರೂಢಿ. ರಾತ್ರಿ ನಾಟಕ ನೋಡುತ್ತೀರಿ, ಬೆಳಿಗ್ಗೆ ಅದರ ಬಗ್ಗೆಯೇ ಮಾತು. ಎಲ್ಲರೂ ಕಣ್ಣಾರೆ ನೋಡಿದ್ದನ್ನು ಮುಂದಿಟ್ಟುಕೊಂಡು ಮಾತಾಡಿದರೆ ಮಾತು ಗಾಳಿಗೆ ಹೋಗುವುದಿಲ್ಲ. ಪೇಟೆಯಲ್ಲೂ ಇದು ಆಗುತ್ತದೆ.

ಇನ್ನು ಕಾನೂನು. ನಗರಗಳ ಸ್ಥಳೀಯ ಆಡಳಿತಕ್ಕೆ ಸಂಬಂಧಿಸಿದ ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ 243ಎಸ್ ವಿಧಿ ಹೇಳುತ್ತದೆ. 2011ರ ಜನಗಣತಿಯಲ್ಲೇ ಶಿವಮೊಗ್ಗದ ಜನಸಂಖ್ಯೆ 3 ಲಕ್ಷ 22 ಸಾವಿರ ದಾಟಿತ್ತು. ಮಾತಾಡುವುದು ನಮ್ಮ ಹಕ್ಕು, ಯಾರೋ ಕೊಡುವ ಅವಕಾಶ ಅಲ್ಲ. ನಗರದ ಮಾಸ್ಟರ್ ಪ್ಲಾನ್ ಮಾಡುವಾಗಲೂ ಜನರ ಆಕ್ಷೇಪಣೆ, ಸಲಹೆ ಕೇಳಲೇಬೇಕು. ಆ ಪ್ರಕಟಣೆ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಇನ್ನು ಮುಂದೆ ಅಂಥದ್ದು ಬಂದಾಗ ನಮ್ಮ ಪತ್ರಿಕೆಯಲ್ಲಿ ದೊಡ್ಡದಾಗಿ, ತಿಳಿಯುವ ಕನ್ನಡದಲ್ಲಿ ಹಾಕುತ್ತೇವೆ. ಇದನ್ನು ನಿಮ್ಮ ಪತ್ರ ಓದಿದ ಮೇಲೆ ತೀರ್ಮಾನಿಸಿದೆವು.

ಮುಂದಿನ ಮಾತುಕತೆ ಸಭಾಂಗಣದಲ್ಲಿ ಇಲ್ಲ. ಆ ಬಸ್‌ಸ್ಟಾಪಿನಲ್ಲೇ, ಭಾನುವಾರ ಸಂಜೆ, ನಿಮ್ಮ ತಾಯಿ ವ್ಯಾಪಾರ ಮುಗಿಸುವ ಹೊತ್ತಿಗೆ. ಮೈಕು, ಹಾರ, ಭಾಷಣ ಇರುವುದಿಲ್ಲ. ಕಟ್ಟಡದ ನಕ್ಷೆ ಬರೆಯುವ ಗೆಳೆಯರೊಬ್ಬರು ಅಳತೆ ಟೇಪು ತರುತ್ತಾರೆ. ಆಟೋದವರಿಗೂ ಕಾಲೇಜಿನ ಹುಡುಗಿಯರಿಗೂ ನಾನೇ ಹೋಗಿ ಹೇಳುತ್ತೇನೆ. ಎರಚಲು ಎಲ್ಲಿಯವರೆಗೆ ಬರುತ್ತದೆ ಅಂತ ಅಳೆದು, ಮಾಡು ಎಷ್ಟು ತಗ್ಗಬೇಕು ಅಂತ ಎಲ್ಲರೂ ಸೇರಿ ಬರೆದು, ಸಹಿ ಹಾಕಿ ಅರ್ಜಿ ಕೊಡೋಣ. ಅರ್ಜಿಯ ಮೊದಲ ಸಾಲಿಗೆ ನಿಮ್ಮ ತಾಯಿಯ ಮಾತನ್ನೇ ಹಾಕಬಹುದಾ ಅಂತ ಅವರನ್ನು ಕೇಳಿ ತಿಳಿಸಿ. ಅವತ್ತು ಮಳೆ ಬಂದರೆ ಸಭೆ ಮುಂದಕ್ಕೆ ಹಾಕುವುದಿಲ್ಲ. ಮಳೆ ಬಾರದಿದ್ದರೆ ಮಾತ್ರ, ಬರುವ ದಿನ ಇನ್ನೊಮ್ಮೆ ಟೇಪು ಹಿಡಿದು ಬರಬೇಕಾಗುತ್ತದೆ.